ದವಡೆ ಆಪರೇಷನ್: ಸಹಿಗೆ ಮೊದಲು ಬಾಯಿಬಿಟ್ಟು ಹೇಳಿ

ನನ್ನ ಸೋದರಮಾವನ ಮಗಳಿಗೆ ಕೆಳದವಡೆ ಮುಂದಕ್ಕಿತ್ತು. ಮುಂದಿನ ಹಲ್ಲುಗಳು ಒಂದಕ್ಕೊಂದು ಸೇರದೆ ರೊಟ್ಟಿ ಕಚ್ಚೋಕೆ ಆಗ್ತಿರಲಿಲ್ಲ. ಒಂದೂವರೆ ವರ್ಷ ಹಲ್ಲಿಗೆ ಕ್ಲಿಪ್ ಹಾಕಿಸಿ, ಆಮೇಲೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದರು. "ಹದಿನೈದು ದಿನ ಅಷ್ಟೇ, ಆಮೇಲೆ ಎಲ್ಲ ಮಾಮೂಲು" ಅಂದಿದ್ದರು. ಅದನ್ನು ನಂಬಿ ಮಾವ ಮುಂದಿನ ತಿಂಗಳೇ ನಿಶ್ಚಿತಾರ್ಥ ಇಟ್ಟುಕೊಂಡರು.

ಮೂರನೇ ದಿನ ಮುಖ ಕುಂಬಳಕಾಯಿಯಂತೆ ಊದಿತು. ಆಪರೇಷನ್ ಕೆಟ್ಟಿತು ಅಂತ ಮನೆಯವರೆಲ್ಲ ಅತ್ತರು. ತಿಂಗಳಾದರೂ ಕೆಳತುಟಿಗೆ ಸ್ಪರ್ಶವೇ ಇಲ್ಲ. ಬಿಸಿ ಕಾಫಿಗೆ ತುಟಿ ಸುಟ್ಟಿದ್ದು ಅವಳಿಗೆ ಗೊತ್ತಾದದ್ದು ಬೊಬ್ಬೆ ಎದ್ದ ಮೇಲೆ. ನಿಶ್ಚಿತಾರ್ಥ ಮುಂದಕ್ಕೆ ಹೋಯಿತು. "ಹುಡುಗಿಗೆ ಏನೋ ಕಾಯಿಲೆ" ಅಂತ ಮಾತು ಹುಟ್ಟಿತು.

ನಿಜ ಏನೆಂದರೆ, ಆಪರೇಷನ್ ಕೆಟ್ಟಿರಲಿಲ್ಲ. ಇದೆಲ್ಲ ಈ ಚಿಕಿತ್ಸೆಯಲ್ಲಿ ಆಗುವಂಥದ್ದೇ. ಆಸ್ಪತ್ರೆ ಮಾಡಿದ ತಪ್ಪು ಹೇಳದೇ ಇದ್ದದ್ದು. ಸಹಿ ಹಾಕಿಸಿಕೊಂಡ ಫಾರಂನಲ್ಲಿ ಎಲ್ಲ ಬರೆದಿತ್ತು, ಇಂಗ್ಲಿಷಿನಲ್ಲಿ. ಮಾವ ಓದಿದ್ದು ಏಳನೇ ಕ್ಲಾಸು.

ಅವರು ಹೇಳಬೇಕಿದ್ದದ್ದನ್ನು ನಾನೇ ಹೇಳ್ತೀನಿ. ದವಡೆಯ ಬೆಳವಣಿಗೆ ನಿಂತ ಮೇಲೆಯೇ ಸಾಮಾನ್ಯವಾಗಿ ಈ ಆಪರೇಷನ್. ಅದಕ್ಕೂ ಮೊದಲು ವರ್ಷ, ಒಂದೂವರೆ ವರ್ಷ ಕ್ಲಿಪ್ ಇರುತ್ತದೆ. ಆಗ ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು, ಹೆದರಬೇಡಿ. ಪೂರ್ತಿ ಅರಿವಳಿಕೆ ಕೊಟ್ಟು, ಹೆಚ್ಚಾಗಿ ಬಾಯಿಯ ಒಳಗಿನಿಂದಲೇ ಮೂಳೆ ಕತ್ತರಿಸಿ, ಸರಿಯಾದ ಜಾಗಕ್ಕೆ ಸರಿಸಿ, ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಕೂರಿಸುತ್ತಾರೆ. ಊತ ಎರಡು ಮೂರು ದಿನ ಏರಿ, ವಾರಗಳಲ್ಲಿ ಇಳಿಯುತ್ತದೆ. ಪೂರ್ತಿ ಹೋಗಲು ತಿಂಗಳುಗಳೇ ಬೇಕು. ಮೊದಲು ಗಂಜಿ, ಅಂಬಲಿ, ಮಜ್ಜಿಗೆ, ಆಮೇಲೆ ಮೆತ್ತನೆ ಅನ್ನ. ಡಾಕ್ಟರ್ ಹೇಳುವ ತನಕ ಚಕ್ಕುಲಿ ಕಡೆ ನೋಡಬೇಡಿ. ತೂಕ ಇಳಿಯುತ್ತದೆ. ಮೂಳೆ ಕೂಡಲು ಆರರಿಂದ ಎಂಟು ವಾರ. ತುಟಿ, ಗಲ್ಲದ ಜೋಮು ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಆಪರೇಷನ್ ಆದ ಮೇಲೂ ಕೆಲವು ತಿಂಗಳು ಕ್ಲಿಪ್ ಇರುತ್ತದೆ. ಬೀಡಿ, ಗುಟ್ಕಾ ಅಭ್ಯಾಸ ಇದ್ದರೆ ಗಾಯ ಮಾಯುವುದು ತಡ.

"ಇಷ್ಟೆಲ್ಲ ಹೇಳಿದರೆ ಹಳ್ಳಿಯವರು ಹೆದರಿ ಓಡಿಹೋಗ್ತಾರೆ" ಅಂತ ಒಬ್ಬ ಡಾಕ್ಟರ್ ನನಗೇ ಹೇಳಿದರು. ಸ್ವಾಮಿ, ನೀರು ಬೀಳದೆಯೂ ಹೋಗಬಹುದು ಅಂತ ಗೊತ್ತಿದ್ದೇ ಬೋರ್‌ವೆಲ್‌ಗೆ ದುಡ್ಡು ಹಾಕುವ ಜನ ನಾವು. ನಷ್ಟದ ಲೆಕ್ಕ ನಮಗೆ ಹೊಸದಲ್ಲ. ಲೆಕ್ಕ ಮುಚ್ಚಿಡೋದು ಮಾತ್ರ ಸಹಿಸೋಕಾಗಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ: ಚಿಕಿತ್ಸೆ ಏನು, ಲಾಭ ಏನು, ಬೇರೆ ದಾರಿ ಇದೆಯೇ, ದೊಡ್ಡ ಅಪಾಯ ಯಾವುದು ಅಂತ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಅರ್ಥವಾಗದ ಭಾಷೆಯಲ್ಲಿ ಪಡೆದ ಸಹಿಯನ್ನು ತಿಳಿದು ಕೊಟ್ಟ ಒಪ್ಪಿಗೆ ಅನ್ನೋದು ಹೇಗೆ?

ತಪ್ಪು ನಮ್ಮದೂ ಇದೆ. "ಮದುವೆಗೆ ಮುಂಚೆ ಮುಖ ಸರಿಮಾಡಿಸಿ" ಅನ್ನುವ ನೆಂಟರೇ ಡಾಕ್ಟರಿಗಿಂತ ಹೆಚ್ಚು ಅವಸರ ಮಾಡಿದ್ದು. ಇದು ಬರೀ ಅಂದಕ್ಕೆ ಮಾಡಿಸುವುದಲ್ಲ. ಅಗಿಯಲು, ಮಾತಾಡಲು, ಕೆಲವರಿಗೆ ನಿದ್ದೆಯಲ್ಲಿ ಉಸಿರಾಡಲು ಬೇಕಾದ ಚಿಕಿತ್ಸೆ. ಇದಕ್ಕೆ ಮುಹೂರ್ತ ಇಡಬೇಡಿ.

ಸಹಿಗೆ ಮೊದಲು ಇಷ್ಟು ಮಾಡಿ. ಹಲ್ಲು ಜೋಡಿಸುವ ಡಾಕ್ಟರ್, ದವಡೆ ಸರ್ಜನ್ ಇಬ್ಬರನ್ನೂ ಕೂರಿಸಿ ಮಾತಾಡಿ. ಫಾರಂ ಕನ್ನಡದಲ್ಲಿ ಓದಿ ಹೇಳಿಸಿ. ಕ್ಲಿಪ್ಪಿನಿಂದ ಕೊನೆಯ ತಪಾಸಣೆವರೆಗಿನ ಪೂರ್ತಿ ಖರ್ಚು ಬರೆಸಿಕೊಳ್ಳಿ. ಆಪರೇಷನ್ ಮಾಡಿಸದಿದ್ದರೆ ಏನಾಗುತ್ತೆ ಅಂತಲೂ ಕೇಳಿ.

ನಮ್ಮ ಹುಡುಗಿ ಈಗ ರೊಟ್ಟಿ ಕಚ್ಚಿ ತಿನ್ತಾಳೆ. ಗಲ್ಲದ ಮೇಲೆ ರೂಪಾಯಿಯಷ್ಟು ಜಾಗ ಇನ್ನೂ ಜೋಮು. "ಆಪರೇಷನ್ ಮಾಡಿಸಿದ್ದಕ್ಕೆ ಬೇಜಾರಿಲ್ಲ. ಮೊದಲೇ ಹೇಳಲಿಲ್ವಲ್ಲ, ಅದಕ್ಕೆ ಬೇಜಾರು" ಅಂತಾಳೆ.