ಭಯಕ್ಕೂ ಒಂದು ಅಳತೆ ಬೇಕು

ನಮ್ಮ ಶಾಲೆಯಲ್ಲಿ ಓದಿ ಈಗ ತಾವೇ ತಾಯಂದಿರಾಗಿರುವ ಪೂರ್ವ ವಿದ್ಯಾರ್ಥಿನಿಯರೂ, ಈಗ ಓದುತ್ತಿರುವ ಹುಡುಗಿಯರ ತಂದೆತಾಯಿಗಳೂ ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆಗಳು ಹಲವು. ಅವುಗಳಲ್ಲಿ ಪಾಠದ ವಿಷಯಕ್ಕಿಂತ ಆರೋಗ್ಯದ ವಿಷಯವೇ ಈಚೆಗೆ ಹೆಚ್ಚಾಗಿದೆ. ಮೊಬೈಲು ಫೋನಿನ ಕಿರಣಗಳು ಮಕ್ಕಳ ಮೆದುಳನ್ನು ಕೆಡಿಸುವುವೆಂಬುದು ನಿಜವೆ? ಮನೆಯ ಹತ್ತಿರ ಟವರು ನಿಂತಿದೆ, ಮನೆಯನ್ನೇ ಬಿಡಬೇಕೆ? ಮಾವಿನ ಹಣ್ಣಿಗೆ ಮದ್ದು ಹಾಕುತ್ತಾರಂತೆ, ಮಕ್ಕಳಿಗೆ ಕೊಡಬಹುದೆ? ಹೀಗೆ ಕೇಳುವುದು ತಪ್ಪಲ್ಲ. ಮಕ್ಕಳ ಮೇಲಣ ಮಮತೆಯೇ ಹೀಗೆ ಕೇಳಿಸುವುದು. ಆದರೆ ರಾಗಿಯನ್ನು ಸೇರಿನಿಂದ ಅಳೆದು, ಚಿನ್ನವನ್ನು ಗುಲಗಂಜಿಯಿಂದ ತೂಗಿದ ನಾಡಿನವರಾದ ನಾವು ಭಯವನ್ನು ಮಾತ್ರ ಅಳೆಯದೆ, ತೂಗದೆ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತೇವೆ. ಇದರಿಂದ ಎರಡು ನಷ್ಟಗಳುಂಟು. ಹೆದರಬೇಕಾದುದಕ್ಕೆ ಹೆದರದೆ ಉಳಿಯುತ್ತೇವೆ; ಹೆದರಬೇಕಾಗಿಲ್ಲದುದಕ್ಕೆ ಹೆದರಿ ಮಕ್ಕಳ ಸಂತೋಷವನ್ನು ಕಿತ್ತುಕೊಳ್ಳುತ್ತೇವೆ. ಈ ಎರಡನ್ನೂ ಕುರಿತು ಕೆಲವು ಮಾತುಗಳನ್ನು ಈ ಸಂಚಿಕೆಯ ಮೂಲಕ ಅರಿಕೆ ಮಾಡಿಕೊಳ್ಳಲು ಅಪೇಕ್ಷಿಸುತ್ತೇವೆ.

ಮೊದಲು ಫೋನಿನ ವಿಚಾರ. ವಿಕಿರಣವೆಂಬ ಶಬ್ದವನ್ನು ಕೇಳಿದೊಡನೆಯೇ ಅನೇಕರಿಗೆ ಅಣುಬಾಂಬಿನ ನೆನಪಾಗುವುದು. ಆದರೆ ವಿಕಿರಣಗಳಲ್ಲಿ ಎರಡು ಜಾತಿಗಳಿವೆ. ಎಕ್ಸ್ ಕಿರಣ, ಗಾಮಾ ಕಿರಣ ಮೊದಲಾದವು ಶರೀರದ ಜೀವಕೋಶಗಳೊಳಗಿನ ಅಣುಬಂಧಗಳನ್ನು ಮುರಿಯಬಲ್ಲವು. ಫೋನೂ ಟವರೂ ಬಳಸುವುದು ರೇಡಿಯೋ ಅಲೆಗಳನ್ನು. ಅವುಗಳಿಗೆ ಆ ಶಕ್ತಿಯಿಲ್ಲ. ಬಹಳ ಪ್ರಬಲವಾಗಿ, ಬಹಳ ಹತ್ತಿರದಿಂದ ಬಿದ್ದರೆ ಅವು ಶರೀರವನ್ನು ಬಿಸಿಮಾಡಬಲ್ಲವು. ಆ ಬಿಸಿ ಏರದಿರಲೆಂದೇ ಸರ್ಕಾರಗಳು ಮಿತಿಯನ್ನು ವಿಧಿಸಿರುವುದು. ನಮ್ಮ ದೇಶದಲ್ಲಿ ೨೦೧೨ನೆಯ ಇಸವಿ ಸೆಪ್ಟೆಂಬರ್ ೧ರಿಂದ ಟವರುಗಳಿಗೆ ಜಾರಿಗೆ ಬಂದ ಮಿತಿಯು ಆಗಿನ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲಿನದು.

ಕಿರಣಗಳ ವಿಷಯದಲ್ಲಿ ನಮ್ಮ ಜಿಲ್ಲೆಯವರು ತಿಳಿದಿರಬೇಕಾದ ಒಂದು ಸಂಗತಿಯುಂಟು. ಆಕಾಶದಿಂದ ವಿಶ್ವಕಿರಣಗಳು ಹಗಲಿರುಳೂ ನಮ್ಮ ಮೇಲೆ ಸುರಿಯುತ್ತಿರುವುವು. ಉಗುರಿನಗಲದ ಜಾಗವನ್ನು ನಿಮಿಷಕ್ಕೆ ಸುಮಾರು ಒಂದು ಕಣದಂತೆ ದಾಟಿಹೋಗುವುವು. ಇವು ಫೋನಿನ ಅಲೆಗಳಂತಲ್ಲ, ಮೇಲೆ ಹೇಳಿದ ಬಲವಾದ ಜಾತಿಗೆ ಸೇರಿದವು. ಇವುಗಳಿಂದ ತಪ್ಪಿಸಿಕೊಂಡು ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣವನ್ನು ಪತ್ತೆಮಾಡಬೇಕೆಂದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ೧೯೬೫ರಲ್ಲಿ ಅಲ್ಲಿ ಆ ಕಣದ ಗುರುತು ದೊರೆಯಿತು. ಗಣಿಯು ೨೦೦೧ರಲ್ಲಿ ಮುಚ್ಚಿಹೋಯಿತು. ಕಿರಣಗಳ ಸೋಂಕೇ ಬೇಡವೆನ್ನುವವರು ಅಷ್ಟು ಆಳದಲ್ಲಿ ಮನೆ ಕಟ್ಟಬೇಕಾದೀತು! ಆದಕಾರಣ ಕಿರಣವಿದೆಯೆ ಇಲ್ಲವೆ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಜಾತಿಯದು, ಎಷ್ಟು ಎಂದು ಕೇಳಬೇಕು.

೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಇಂಥ ಅಲೆಗಳನ್ನು ಕ್ಯಾನ್ಸರಿಗೆ ಕಾರಣವಾಗಿರಲೂಬಹುದೆಂಬ ವರ್ಗಕ್ಕೆ ಸೇರಿಸಿತೆಂಬುದು ನಿಜ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿದೆ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು ೨೦೨೪ರಲ್ಲಿ ಪ್ರಕಟವಾದ ಪರಿಶೀಲನೆಯು ೬೩ ಅಧ್ಯಯನಗಳನ್ನು ತೂಗಿನೋಡಿತು. ಫೋನಿನ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಅದರಲ್ಲಿ ಸಂಬಂಧ ಕಂಡುಬರಲಿಲ್ಲ. ಇನ್ನೊಂದು ಕಡೆ, ಅದೇ ಕ್ಯಾನ್ಸರ್ ಮಂಡಲಿಯು ಅಡಿಕೆಯನ್ನೂ ಹೊಗೆಸೊಪ್ಪನ್ನೂ ನಿಸ್ಸಂದೇಹವಾಗಿ ಕ್ಯಾನ್ಸರನ್ನು ತರುವ ಮೊದಲನೆಯ ವರ್ಗದಲ್ಲಿಟ್ಟಿದೆ. ಟವರಿನ ವಿರುದ್ಧದ ಅರ್ಜಿಗೆ ಸಹಿ ಹಾಕುವ ಹಿರಿಯರ ಬಾಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಇರುವುದುಂಟು. ಅವರನ್ನು ಹಾಸ್ಯಮಾಡಲೆಂದು ಇದನ್ನು ಹೇಳುತ್ತಿಲ್ಲ. ಹೊಸದು, ಎತ್ತರವಾಗಿ ಕಾಣುವಂಥದು, ಪರರು ತಂದು ನಿಲ್ಲಿಸಿದ್ದು ಯಾವುದೋ ಅದಕ್ಕೆ ಹೆದರುವುದೂ, ತಾತನ ಕಾಲದಿಂದ ಮನೆಯಲ್ಲಿರುವುದನ್ನು ನಂಬುವುದೂ ಮನುಷ್ಯಸ್ವಭಾವ. ಆ ಸ್ವಭಾವವನ್ನು ತಿದ್ದುವುದಕ್ಕೇ ವಿದ್ಯೆ ಇರುವುದು.

ಮನೆಯೊಳಗೇ ಇದ್ದು ನಾವು ಹೆದರದಿರುವ ವಸ್ತುಗಳಲ್ಲಿ ಮೊದಲನೆಯದು ನೀರು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳೂ ತೆರೆದ ಬಾವಿಗಳೂ ಬತ್ತಿದ ಮೇಲೆ ಸಾವಿರ ಅಡಿಗೂ ಮಿಗಿಲಾದ ಕೊಳವೆ ಬಾವಿಗಳನ್ನು ಕೊರೆದಿದ್ದೇವೆ. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುವುದು. ಒಂದು ಲೀಟರು ನೀರಿನಲ್ಲಿ ಇದು ೧ ಮಿಲಿಗ್ರಾಮಿಗೆ ಮೀರಬಾರದು, ಬೇರೆ ನೀರೇ ಸಿಕ್ಕದಿದ್ದಲ್ಲಿ ೧.೫ಕ್ಕೆ ಮೀರಬಾರದು ಎಂಬುದು ನಮ್ಮ ದೇಶದ ಕಟ್ಟಳೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಅನೇಕ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಈ ಎಲ್ಲೆಯು ದಾಟಿಹೋಗಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದಲೂ ತಿಳಿಯದು. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಕುದಿಸಿದರೆ ನೀರು ಬತ್ತಿ ಅದರ ಪಾಲು ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಬಹಳವಾಗಿ, ಬಹುಕಾಲ ಹೊಟ್ಟೆಗೆ ಹೋದರೆ ಎಲುಬುಗಳೂ ಕೀಲುಗಳೂ ಬಿಗಿದು ಬೆನ್ನು ಬಾಗುವುದು. ನಮಗೆ ಅಷ್ಟೇನೂ ದೂರವಲ್ಲದ ನೆಲ್ಲೂರು ಸೀಮೆಯಲ್ಲಿ ವೈದ್ಯರು ೧೯೩೭ರಲ್ಲಿಯೇ ಈ ರೋಗವನ್ನು ಗುರುತಿಸಿ ಬರೆದಿದ್ದರು.

ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಈ ನೀರನ್ನು ಕುಡಿದ ಮಗುವಿನ ಹಲ್ಲಿನಲ್ಲಿ ಹಳದಿ ಕಂದು ಕಲೆಗಳು ನಿಂತುಬಿಡುವುವು. ಆ ಮೇಲೆ ಎಷ್ಟು ಉಜ್ಜಿದರೂ ಹೋಗವು. ಪ್ರೌಢಶಾಲೆಗೆ ಬಂದ ಹುಡುಗಿಯು ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನೂ, ಹಾಡಿನ ಪಂಕ್ತಿಯಲ್ಲಿ ತುಟಿ ತೆರೆಯದೆ ನಿಲ್ಲುವುದನ್ನೂ ನಾವು ವರ್ಷ ವರ್ಷವೂ ಕಾಣುತ್ತೇವೆ. ಅದು ನಾಚಿಕೆಯೆಂದು ಹೊರಗಿನವರು ಮೆಚ್ಚುವರು. ಹಲ್ಲುಜ್ಜದ ಸೋಮಾರಿಯೆಂದು ಕೆಲವರು ಬೈಯುವರು. ಎರಡೂ ಅಲ್ಲ, ಅದು ನೀರಿನ ಬರಹ. ಮುಂದೆ ವರನ ಕಡೆಯವರು ನೋಡಲು ಬಂದಾಗಲೂ ಅವಳು ಹಾಗೆಯೇ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳುವಳು. ಈ ಹುಡುಗಿಯ ನಗುವನ್ನು ಕಸಿದದ್ದು ಊರ ಹೊರಗಿನ ಟವರಲ್ಲ, ಅಡಿಗೆಮನೆಯ ಕೊಡ. ಅವಳ ತಮ್ಮ ತಂಗಿಯರ ಹಲ್ಲುಗಳನ್ನಾದರೂ ಇನ್ನೂ ಉಳಿಸಬಹುದು. ಕುಡಿಯುವುದಕ್ಕೂ ಅಡಿಗೆಗೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ, ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರನ್ನೋ ಬಳಸಿದರೆ ಸಾಕು. ಮೀಯುವುದಕ್ಕೂ ಪಾತ್ರೆ ಬೆಳಗುವುದಕ್ಕೂ ಕೊಳವೆ ಬಾವಿಯ ನೀರಿನಿಂದ ಬಾಧಕವಿಲ್ಲ. ಘಟಕವು ಕೆಟ್ಟು ನಿಂತರೆ ಪಂಚಾಯತಿಯವರನ್ನು ಬಿಡದೆ ಕೇಳಬೇಕು.

ಅಳತೆಯಿಟ್ಟು ಕೇಳುವುದು ನಮ್ಮ ಜನಕ್ಕೆ ತಿಳಿಯದ ವಿದ್ಯೆಯೇನಲ್ಲ. ೨೦೧೮ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ಲಕ್ಷ್ಮೀಸಾಗರದ ಕೆರೆಗೆ ಹರಿಸಿದರು. ಕುಡಿಯಲೆಂದಲ್ಲ, ಕೆರೆಗಳು ತುಂಬಿ ಅಂತರ್ಜಲವು ಏರಲೆಂದು. ನೊರೆ ಕಂಡಾಗ ಜಿಲ್ಲೆಯವರು ನೀರಿನ ಪರೀಕ್ಷೆಯಾಗಲಿ, ಶುದ್ಧೀಕರಣ ಇನ್ನೂ ಒಂದು ಹಂತ ಮುಂದುವರಿಯಲಿ ಎಂದು ಕೇಳಿದರು. ವಿಷಯವು ನ್ಯಾಯಾಲಯಗಳ ಮೆಟ್ಟಿಲನ್ನೂ ಏರಿತು. ಬತ್ತಿದ ಕೆರೆಯಲ್ಲಿ ನೀರನ್ನು ಕಂಡ ಸಂತೋಷವನ್ನೂ ಬಿಡದೆ, ಅದರಲ್ಲೇನಿದೆಯೆಂದು ಕೇಳುವುದನ್ನೂ ಬಿಡದೆ ನಡೆದುಕೊಂಡ ಈ ರೀತಿಯೇ ಸರಿಯಾದುದೆಂದು ನಮ್ಮ ಅಭಿಪ್ರಾಯ.

ನೀರಿನಂತೆಯೇ ಕಣ್ಣಿಗೆ ಬೀಳದ ಇನ್ನೊಂದು ಕೊರತೆ ರಕ್ತಹೀನತೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಇದು ಉಂಟು. ಮೆಟ್ಟಿಲು ಹತ್ತಿದರೆ ಏದುವ ಹುಡುಗಿಯನ್ನು ಓದಿ ದಣಿದಿದ್ದಾಳೆಂದು ಮಲಗಿಸುವರು. ಅವಳಿಗೆ ಬೇಕಾದುದು ಸೊಪ್ಪಿನ ಸಾರು, ಮೊಳಕೆಕಾಳು, ಒಂದು ಹೋಳು ನಿಂಬೆಹಣ್ಣು, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಊಟದೊಡನೆ ಟೀ ಕುಡಿಯದಿರುವುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಹಾಗೆಯೇ ತಲೆಗೆ ಹೆಲ್ಮೆಟ್ ಇಲ್ಲದೆ ಮಗಳನ್ನು ಹಿಂದೆ ಕೂರಿಸಿಕೊಂಡು, ಲಾರಿಗಳು ಹರಿದಾಡುವ ಹೆದ್ದಾರಿಯನ್ನು ದಾಟಿ, ಫೋನಿನ ಕಿರಣಕ್ಕೆ ಏನು ಮಾಡಬೇಕೆಂದು ಕೇಳಲು ನಮ್ಮ ಕಚೇರಿಗೆ ಬರುವ ತಂದೆಯರೂ ಇದ್ದಾರೆ. ದಾರಿಯಲ್ಲೇ ಅವರು ಮಗಳಿಗೆ ಒಡ್ಡಿದ ಅಪಾಯವು ಕೇಳಲು ಬಂದ ಅಪಾಯಕ್ಕಿಂತ ಬಹಳ ದೊಡ್ಡದು.

ಇನ್ನು ಅಳತೆ ಮೀರಿದ ಭಯವು ಕಸಿಯುವ ಸಂತೋಷಗಳ ಮಾತು. ಶ್ರೀನಿವಾಸಪುರವು ಮಾವಿನ ತೌರು. ಕಾರ್ಬೈಡ್ ಕಲ್ಲಿನಿಂದ ಹಣ್ಣು ಮಾಡುವುದು ಕಾನೂನಿಗೆ ವಿರುದ್ಧ. ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳಿರುವುದುಂಟು. ಆದ್ದರಿಂದ ಕಾಲಕ್ಕೆ ಮೊದಲೇ ಬರುವ, ಮೇಲೆಲ್ಲ ಒಂದೇ ಹಳದಿಯಾಗಿ ಒಳಗೆ ಹುಳಿಯಾಗಿರುವ ಹಣ್ಣನ್ನು ಕೊಳ್ಳಬೇಡಿರಿ. ತಿಳಿದ ತೋಟದ ಕಾಯನ್ನು ತಂದು ಹುಲ್ಲಿನಲ್ಲಿ ಅಡೆ ಹಾಕಿರಿ; ಹಣ್ಣನ್ನು ತೊಳೆದು ತಿನ್ನಿರಿ. ಇಷ್ಟು ಮಾಡಿದ ಮೇಲೂ ರಸಪುರಿಯ ಕಾಲದಲ್ಲಿ ಮಗುವಿನ ಕೈಯಿಂದ ಹಣ್ಣನ್ನು ಕಸಿದುಕೊಂಡು, ಬದಲಿಗೆ ಅಂಗಡಿಯ ಬಣ್ಣದ ಪಾನಕವನ್ನು ಕೊಡುವುದು ಯಾವ ಲೆಕ್ಕ?

ಆಟದ ವಿಷಯವೂ ಹೀಗೆಯೇ. ಬಿಸಿಲಿಗೆ ಕಪ್ಪಾಗುವಳು, ಬಿದ್ದು ಕೈ ಮುರಿದುಕೊಳ್ಳುವಳು, ಅಂತರಗಂಗೆಯ ಮೆಟ್ಟಿಲಿನಲ್ಲಿ ಕಾಲು ಜಾರುವುದು ಎಂದು ಹೇಳಿ ಹುಡುಗಿಯರನ್ನು ಆಟದಿಂದಲೂ ಪ್ರವಾಸದಿಂದಲೂ ಬಿಡಿಸುವವರು ಪ್ರತಿ ವರ್ಷವೂ ಇರುವರು. ಮುರಿದ ಕೈ ಕೆಲವು ವಾರಗಳಲ್ಲಿ ಕೂಡಿಕೊಳ್ಳುವುದು. ಹೆಣ್ಣುಮಕ್ಕಳ ಎಲುಬುಗಳು ಜೀವಮಾನದ ಬಲದ ಬಹುಪಾಲನ್ನು ಕೂಡಿಡುವುದು ಈ ಹದಿಹರೆಯದಲ್ಲಿಯೇ. ಅದಕ್ಕೆ ಓಟ, ನೆಗೆತ, ಬಿಸಿಲು, ಮುದ್ದೆ ಇವೆಲ್ಲವೂ ಬೇಕು. ಈಗ ಕಳೆದ ಆಟವನ್ನು ನಲವತ್ತರಲ್ಲಿ ಮಾತ್ರೆಗಳಿಂದ ತುಂಬಿಸಲಾಗದು. ಮಿತವಾದ ಅಪಾಯವಿಲ್ಲದ ಆಟವಿಲ್ಲ.

ಕಡೆಯದಾಗಿ ಒಂದು ಮಾತನ್ನು ಮರೆಮಾಚದೆ ಹೇಳಬೇಕಾಗಿದೆ. ಕಿರಣಗಳಿಂದ ಕೇಡೆಂದು ಹೇಳಿ ಮಗಳ ಕೈಯಿಂದ ಫೋನನ್ನು ಕಿತ್ತಿಡುವ ಕೆಲವು ಮನೆಗಳಲ್ಲಿ ಅವಳ ಅಣ್ಣನು ಫೋನನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಾನೆ. ಕಿರಣಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ. ತಂದೆತಾಯಿಗಳ ನಿಜವಾದ ಭಯ ಬೇರೆ: ಮಗಳು ಯಾರೊಡನೆ ಮಾತಾಡುವಳೋ, ಯಾರಿಂದ ಮೋಸಹೋಗುವಳೋ ಎಂದು. ಅದು ಅಲ್ಲಗಳೆಯುವಂಥ ಭಯವಲ್ಲ. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆದು ಮಗಳೊಡನೆ ಮಾತಾಡಬೇಕು. ಸುಳ್ಳು ಕಾರಣವನ್ನು ಮಕ್ಕಳು ಬೇಗನೆ ಕಂಡುಹಿಡಿಯುವರು. ಕಂಡುಹಿಡಿದ ಮೇಲೆ ನಿಜವನ್ನೂ ನಂಬರು. ಯಾರಾದರೂ ಭಾವಚಿತ್ರವನ್ನು ತೋರಿಸಿ ಹೆದರಿಸಿದಾಗ, ಹೇಳಿದರೆ ಫೋನನ್ನೂ ಓದನ್ನೂ ಬಿಡಿಸುವರೆಂದು ಹುಡುಗಿಯು ಬಾಯಿ ಮುಚ್ಚಿಕೊಂಡರೆ, ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ. ತಪ್ಪು ಯಾರದಾದರೂ ಮೊದಲು ನಮ್ಮ ಬಳಿ ಬಾ ಎಂಬ ಭರವಸೆಯನ್ನು ಈಗಲೇ ಕೊಡಿರಿ. ಮಕ್ಕಳ ಸಹಾಯವಾಣಿ ೧೦೯೮, ಸೈಬರ್ ಅಪರಾಧಗಳ ಸಹಾಯವಾಣಿ ೧೯೩೦ ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ರಾತ್ರಿ ಹತ್ತರ ಮೇಲೆ ಅಣ್ಣನದೂ ತಂಗಿಯದೂ ಅಪ್ಪನದೂ ಫೋನುಗಳು ಒಂದೇ ಗೂಡಿನಲ್ಲಿರಲಿ. ಇದರಿಂದ ಎಲ್ಲರಿಗೂ ನಿದ್ರೆಯೂ ಉಳಿಯುವುದು. ನಮ್ಮ ನರಸಾಪುರದ ಕಾರ್ಖಾನೆಯಲ್ಲಿ ಸಾವಿರಾರು ಹೆಣ್ಣುಮಕ್ಕಳ ಕೈಗಳಿಂದ ಐಫೋನುಗಳು ಜೋಡಣೆಯಾಗಿ ಹೊರಡುತ್ತಿರುವ ಈ ಕಾಲದಲ್ಲಿ, ಫೋನನ್ನು ಮುಟ್ಟದ ಹುಡುಗಿಯನ್ನು ಬೆಳೆಸುತ್ತೇವೆಂಬುದು ಆಗದ ಮಾತು.

ಹೀಗಿರಲು, ಯಾವುದಾದರೂ ಭಯದ ಸುದ್ದಿ ಮನೆಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ವಿನಂತಿ. ಕೇಡು ಎಷ್ಟು ದೊಡ್ಡದು? ಎಷ್ಟು ಜನರಿಗೆ ತಗುಲುವುದೆಂದು ಕಂಡುಬಂದಿದೆ? ತಪ್ಪಿಸಲು ಎಷ್ಟು ಖರ್ಚು? ತಪ್ಪಿಸುವುದರಿಂದ ಕಳೆದುಹೋಗುವ ಸಂತೋಷವೇನು? ನೀರನ್ನು ಈ ಅಳತೆಯಲ್ಲಿ ತೂಗಿದರೆ ನಾಳೆಯೇ ಕೆಲಸಕ್ಕೆ ತೊಡಗುವಿರಿ. ಟವರನ್ನು ತೂಗಿದರೆ ಇಂದೇ ನಿಶ್ಚಿಂತೆಯಿಂದ ಮಲಗುವಿರಿ.

ಮಾತು ಮಾತಾಗಿಯೇ ಉಳಿಯಬಾರದೆಂದು, ಬೇಸಿಗೆಯ ರಜ ಮುಗಿದು ಶಾಲೆ ತೆರೆದಾಗ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆಯ ಕುಡಿಯುವ ನೀರನ್ನು ಒಂದು ಶುಚಿಯಾದ ಸೀಸೆಯಲ್ಲಿ ತುಂಬಿ, ಊರಿನ ಹೆಸರನ್ನು ಬರೆದು ತರಬೇಕೆಂದು ಕೋರುತ್ತೇವೆ. ಬಣ್ಣ ನೋಡಿ ಫ್ಲೋರೈಡನ್ನು ತಿಳಿಯುವ ಪರೀಕ್ಷೆಯ ಪೆಟ್ಟಿಗೆಯು ದುಬಾರಿಯದಲ್ಲ. ವಿಜ್ಞಾನದ ತರಗತಿಯಲ್ಲಿ ಹುಡುಗಿಯರೇ ಪರೀಕ್ಷಿಸಿ ಫಲವನ್ನು ಚೀಟಿಯಲ್ಲಿ ಬರೆದು ಮನೆಗೆ ತರುವರು. ಎಲ್ಲೆ ಮೀರಿದ್ದರೆ ಆ ಚೀಟಿಯನ್ನು ಹಿಡಿದು ಪಂಚಾಯತಿಗೆ ಹೋಗಿ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ನೋಡಿಸಬೇಕಾದವರು ತಂದೆತಾಯಿಗಳು. ಪೂರ್ವ ವಿದ್ಯಾರ್ಥಿನಿಯರು ತಾವು ಸೇರಿದ ಊರುಗಳಿಂದ ಸೀಸೆಗಳನ್ನು ಕಳುಹಿಸಿದರೆ ಅವುಗಳನ್ನೂ ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಬರುವಾಗ ಮಕ್ಕಳ ಕೈಯಲ್ಲಿ ಎರಡು ಮಾವಿನ ಹಣ್ಣುಗಳನ್ನೂ ಕೊಟ್ಟು ಕಳುಹಿಸಿದರೆ ಬೇಡವೆನ್ನುವುದಿಲ್ಲ.