ವೃದ್ಧಾಪ್ಯಕ್ಕೆ ಬೇಕಾದುದು ಕಾಲಕ್ಷೇಪವಲ್ಲ, ಕರ್ತವ್ಯ

ನಮ್ಮ ಸಭೆ ಸಮಾರಂಭಗಳಲ್ಲಿ ಹಿರಿಯರ ವಿಷಯ ಬಂದೊಡನೆ ಒಂದು ಕಣ್ಣೀರಿನ ಭಾಷಣ ಆಗಿಯೇ ತೀರುತ್ತದೆ. ಹೆತ್ತವರನ್ನು ವೃದ್ಧಾಶ್ರಮಕ್ಕೆ ನೂಕಿದ ಮಕ್ಕಳು ಕೃತಘ್ನರು, ಕೂಡುಕುಟುಂಬ ಒಡೆಯಿತು, ಕಲಿಕಾಲ ಬಂದಿತು ಎಂದು ಭಾಷಣಕಾರರು ಹಲುಬುತ್ತಾರೆ. ಸಭಿಕರು ಕರತಾಡನ ಮಾಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವ ಅಧಿಕಾರವೂ ನನಗುಂಟು. ಏಕೆಂದರೆ ತಾಳವಾಡಿ ಸೀಮೆಯ ಕನ್ನಡ ಶಾಲೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ನಾನು ನಾಲ್ಕು ವರ್ಷಗಳಿಂದ ಕೊಯಮತ್ತೂರಿನ ಹೊರವಲಯದ ಹಿರಿಯರ ವಸತಿ ಸಮುಚ್ಚಯವೊಂದರಲ್ಲಿ ಪತ್ನೀಸಮೇತನಾಗಿ ವಾಸಿಸುತ್ತಿದ್ದೇನೆ. ನಮ್ಮನ್ನು ಯಾರೂ ನೂಕಲಿಲ್ಲ. ಹೃದ್ರೋಗಿಯಾದ ಪತ್ನಿಯನ್ನು ಅಪರಾತ್ರಿಯಲ್ಲಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಸಿ ಆಸ್ಪತ್ರೆಗೆ ಒಯ್ದ ಅನುಭವ ಒಮ್ಮೆ ಸಾಕಾಯಿತು. ನಾವಾಗಿಯೇ ನಿರ್ಧರಿಸಿ ಬಂದೆವು.

ಇಲ್ಲಿ ಕೊರತೆಯಿಲ್ಲ. ಬೆಳಗ್ಗೆ ಯೋಗ, ಹೊತ್ತಿಗೆ ಸರಿಯಾಗಿ ಇಡ್ಲಿ ಸಾಂಬಾರು, ಹನ್ನೊಂದಕ್ಕೆ ಕೇರಂ, ಸಂಜೆ ಭಜನೆ, ಶನಿವಾರ ಟಾಂಬೋಲಾ. ಹುಟ್ಟುಹಬ್ಬ ಬಂದರೆ ಎಂಬತ್ತರ ವೃದ್ಧರ ತಲೆಗೆ ಕಾಗದದ ಟೊಪ್ಪಿಗೆ ಇಟ್ಟು ಚಪ್ಪಾಳೆ ತಟ್ಟುತ್ತಾರೆ. ವ್ಯವಸ್ಥಾಪಕರು ಒಳ್ಳೆಯವರೇ. ಆದರೆ ಹಿರಿಯರೆಂದರೆ ರಮಿಸಬೇಕಾದ ಶಿಶುಗಳು ಎಂದು ಅವರು ತಿಳಿದಂತಿದೆ. ಅವರ ದೃಷ್ಟಿಯಲ್ಲಿ ಚಟುವಟಿಕೆಯೆಂದರೆ ವೇಳಾಪಟ್ಟಿ. ಸಂತೃಪ್ತಿಯೆಂದರೆ ದೂರು ಇಲ್ಲದಿರುವುದು.

ಇಷ್ಟೆಲ್ಲ ಇದ್ದೂ ಸಂಜೆಯ ಕಾಫಿಯ ಅನಂತರ ಜಗಲಿಯಲ್ಲಿ ಕುಳಿತವರ ಮುಖಗಳನ್ನು ನೋಡಬೇಕು. ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿದ್ದವರು, ಒಬ್ಬರು ದಾದಿಯಾಗಿದ್ದವರು, ಮತ್ತೊಬ್ಬರು ಲೆಕ್ಕದ ಅಧ್ಯಾಪಕರು. 'ನಾನು ನಾಳೆ ಏಳದೆ ಹೋದರೆ ಯಾರ ಕೆಲಸ ನಿಲ್ಲುತ್ತದೆ?' ಎಂಬ ಪ್ರಶ್ನೆ ಎಲ್ಲರ ಕಣ್ಣಿನಲ್ಲಿಯೂ ಇದೆ. ಈ ಪ್ರಶ್ನೆಗೆ ಟಾಂಬೋಲಾ ಉತ್ತರವಲ್ಲ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರದ ಕಾಯ್ದೆ ಪೋಷಣೆಯೆಂದರೆ ಆಹಾರ, ಬಟ್ಟೆ, ವಸತಿ, ವೈದ್ಯೋಪಚಾರ ಎಂದು ಹೇಳುತ್ತದೆ. ಈ ನಾಲ್ಕನ್ನೂ ಕಾನೂನು ಕೊಡಿಸಬಲ್ಲದು. ಐದನೆಯದನ್ನು, ಎಂದರೆ ಇನ್ನೊಬ್ಬರಿಗೆ ಬೇಕಾದವರಾಗಿ ಬಾಳುವುದನ್ನು, ಯಾವ ನ್ಯಾಯಮಂಡಲಿಯೂ ಕೊಡಿಸಲಾರದು. ಅದನ್ನು ನಾವೇ ಸಂಪಾದಿಸಿಕೊಳ್ಳಬೇಕು.

ದೇಹ ದಣಿದಿದೆ, ಇನ್ನಾದರೂ ವಿಶ್ರಾಂತಿ ಬೇಡವೇ ಎಂದು ಕೇಳುವವರುಂಟು. ದೇಹಕ್ಕೆ ವಿಶ್ರಾಂತಿ ಇರಲಿ, ಹೊಣೆಗೆ ಏಕೆ? ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಲೋಕಸಭೆಯ ಚುನಾವಣೆಗೆ ನಿಂತರು. ಸೋತರು, ಆದರೆ ಸುಮ್ಮನೆ ಕೂರಲಿಲ್ಲ. ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು 2011ರ ಬೆಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತಾಗ ಅವರಿಗೆ 97 ವರ್ಷ. ಅವರು ಮಹನೀಯರು, ನಾವು ಸಾಮಾನ್ಯರು ಎನ್ನುವಿರಾದರೆ ಕೇರಳದ ಕಾರ್ತ್ಯಾಯನಿ ಅಮ್ಮನವರನ್ನು ನೆನೆಯಿರಿ. ಶಾಲೆಯ ಮುಖ ಕಾಣದ ಆ ತಾಯಿ 2018ರಲ್ಲಿ, 96ರ ಹರೆಯದಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು.

ಗಡಿನಾಡಿನ ಕನ್ನಡಿಗರಾದ ನಮಗೆ ಕೆಲಸ ಹುಡುಕುವ ಶ್ರಮವೂ ಇಲ್ಲ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಇತ್ತಲೇ ಉಳಿಯಿತು. 2006ರ ಕಾಯ್ದೆಯಂತೆ ನಮ್ಮ ಮಕ್ಕಳು ತಮಿಳನ್ನು ಕಡ್ಡಾಯವಾಗಿ ಕಲಿಯಬೇಕು. ಕಲಿಯಲಿ, ಅದು ಬಾಳುವ ನೆಲದ ಭಾಷೆ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಮಗು ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲಾರದೆಂದರೆ ಆ ತಪ್ಪು ಸರ್ಕಾರದ್ದು ಮಾತ್ರವೇ? ಓದಿಸಬಲ್ಲವರು ವಿಶ್ರಾಂತಿವೇತನ ಎಣಿಸುತ್ತ, ಕಾಲ ಕೆಟ್ಟಿತೆಂದು ನಿಟ್ಟುಸಿರಿಡುತ್ತ ಕುಳಿತಿದ್ದೇವಲ್ಲ!

ಎರಡು ವರ್ಷಗಳಿಂದ ನಮ್ಮೂರಿನ ಕೂಲಿಕಾರರ ಮನೆಯ ಹುಡುಗನೊಬ್ಬನಿಗೆ ಪ್ರತಿದಿನ ಸಂಜೆ ಆರಕ್ಕೆ ಫೋನಿನಲ್ಲಿ ಅರ್ಧ ಗಂಟೆ ಪಾಠ ಓದಿಸುತ್ತಿದ್ದೇನೆ. ಅವನು ಓದುತ್ತಾನೆ, ನಾನು ತಿದ್ದುತ್ತೇನೆ, ಅಷ್ಟೇ. ಕಳೆದ ಆಷಾಢದಲ್ಲಿ ನನಗೆ ಜ್ವರ ಬಂದು ಎರಡು ದಿನ ಫೋನು ಮಾಡಲಾಗಲಿಲ್ಲ. ಮೂರನೆಯ ದಿನ ಅವನೇ ಕರೆದ. 'ಯಾಕ್ ಸಾ, ಫೋನೇ ಮಾಡ್ನಿಲ್ಲ? ನಾನು ಪುಸ್ತಕ ತಕ್ಕಂಡು ಕುಂತೇ ಇದ್ದಿ' ಎಂದ. ಗದರಿಕೆಯಂತಿದ್ದ ಆ ಮಾತು ವೈದ್ಯರ ಗುಳಿಗೆಗಿಂತ ಹೆಚ್ಚು ಹಿತವಾಯಿತು. ಅಂದೇ ಎದ್ದು ಕುಳಿತೆ. ನನಗಾಗಿ ಒಬ್ಬರು ಕಾದಿದ್ದರು.

ಆದುದರಿಂದ ಸಂಘದ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹವಿದು. ಹಿರಿಯರನ್ನು ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುವ ಪದ್ಧತಿಯನ್ನು ಈ ವರ್ಷಕ್ಕೆ ನಿಲ್ಲಿಸಿರಿ. ಅದರ ಬದಲು ಎರಡು ಪಟ್ಟಿ ಮಾಡಿರಿ: ಒಂದರಲ್ಲಿ ಬಿಡುವುಳ್ಳ ಹಿರಿಯರು, ಇನ್ನೊಂದರಲ್ಲಿ ಓದಲು ಬಾರದ ಮಕ್ಕಳು. ಒಬ್ಬರಿಗೆ ಒಂದು ಮಗುವನ್ನು ಒಪ್ಪಿಸಿರಿ. ಅಕ್ಷರ ಬಾರದ ಅಜ್ಜಿಯರನ್ನೂ ಬಿಡಬೇಡಿರಿ. ಮಾದಪ್ಪನ ಪದ, ಮಂಟೇಸ್ವಾಮಿಯ ಕಥೆ ಅವರ ನಾಲಗೆಯ ಮೇಲಿವೆ. ಹಾಸಿಗೆ ಹಿಡಿದವರೂ ಕಿವಿಗೊಟ್ಟು ಕೇಳಬಲ್ಲರು. ಮಗುವಿಗೆ ಕೇಳುವವರೊಬ್ಬರಿದ್ದರೆ ಅದು ಅರ್ಧ ಪಾಠ.

ನನ್ನ ಓರಗೆಯವರಿಗೂ ಒಂದು ಮಾತು. ಮನೆಯಲ್ಲಿರಿ, ಮಕ್ಕಳೊಡನಿರಿ, ವಸತಿ ಸಮುಚ್ಚಯದಲ್ಲಿರಿ. ಎಲ್ಲಿದ್ದೀರಿ ಎಂಬುದು ಮುಖ್ಯವಲ್ಲ. ಮಕ್ಕಳು ನಮ್ಮನ್ನು ಕೈಬಿಟ್ಟರೆಂದು ಅಳುವ ಮೊದಲು, ನಾವು ಯಾರ ಕೈ ಹಿಡಿದಿದ್ದೇವೆ ಎಂದು ಕೇಳಿಕೊಳ್ಳೋಣ. ಸರ್ಕಾರ ನಮ್ಮನ್ನು ನಿವೃತ್ತಗೊಳಿಸಿದ್ದು ಹುದ್ದೆಯಿಂದ, ಮೇಷ್ಟ್ರತನದಿಂದ ಅಲ್ಲ.