ಬೆಲೆಚೀಟಿಯಲ್ಲಿ ಕಾಣದ ಗಂಟೆಗಳು

ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಲೇಸ್ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು ಎಷ್ಟು ಮೀಟರ್ ಎಂದು. ರವಿಕೆಯ ತೋಳಿಗೆ, ದುಪಟ್ಟಾದ ಅಂಚಿಗೆ, ಲಂಗದ ಕೆಳಗೆ ಹೊಲಿಯಲು ಬಣ್ಣ ಬಣ್ಣದ ಸುರುಳಿಗಳು ಸಿಗುತ್ತವೆ. ಎಲ್ಲ ಯಂತ್ರದವು. ಚಾರ್‌ಮಿನಾರ್ ಸಮೀಪದ ಪತ್ತರ್‌ಗಟ್ಟಿಯಲ್ಲೂ ಇದೇ ಕಥೆ. ಕೈಯಲ್ಲಿ ಮಾಡಿದ ಲೇಸ್ ಬೇಕಾದವರು ಕರಕುಶಲ ಮಳಿಗೆಗಳಿಗೆ, ಮಾದಾಪುರದ ಶಿಲ್ಪಾರಾಮಮ್‌ನ ಮೇಳಗಳಿಗೆ ಹೋಗುತ್ತಾರೆ. ಅಲ್ಲಿನ ಮೇಜುಹಾಸು, ಕುಶನ್ ಕವರುಗಳ ಬೆಲೆಚೀಟಿಯಲ್ಲಿ ‘ಹ್ಯಾಂಡ್‌ಮೇಡ್’ ಎಂಬ ಒಂದು ಮಾತಿರುತ್ತದೆ, ಒಂದು ಬೆಲೆ ಇರುತ್ತದೆ. ಎಷ್ಟು ಗಂಟೆ ಹಿಡಿಯಿತು, ಮಾಡಿದವಳಿಗೆ ಎಷ್ಟು ಹೋಯಿತು ಎಂಬುದು ಇರುವುದಿಲ್ಲ. ತಕರಾರು ಎತ್ತಬೇಕಾದದ್ದು ಆ ಚೀಟಿಯ ಬಗ್ಗೆ. (ಕನ್ನಡದ ಹಳೆಯ ‘ಲೇಸು’ಗೂ ಈ ಲೇಸ್‌ಗೂ ನಂಟಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.)

ಕೈಲೇಸ್ ಎಂದರೆ ಒಂದೇ ಕಸುಬಲ್ಲ. ಯುರೋಪಿನಲ್ಲಿ 16ನೇ ಶತಮಾನದಿಂದ ಹೆಸರು ಮಾಡಿದ್ದು ಬಾಬಿನ್ ಲೇಸ್. ಅದಕ್ಕೆ ಬೇಕಾದ್ದು ಒತ್ತಾಗಿ ತುಂಬಿದ ಗಟ್ಟಿ ದಿಂಬು, ವಿನ್ಯಾಸದ ತೂತುಗಳನ್ನು ಚುಚ್ಚಿದ ದಪ್ಪ ಕಾಗದ, ರಾಶಿ ಗುಂಡುಸೂಜಿ, ಮತ್ತು ನೂಲು ಸುತ್ತಿದ ಮರದ ಸಣ್ಣ ಕಡ್ಡಿಗಳು. ಆ ಕಡ್ಡಿಯೇ ಬಾಬಿನ್. ನೂಲನ್ನು ಹಿಡಿದಿಟ್ಟುಕೊಳ್ಳುವುದರ ಜೊತೆಗೆ ತನ್ನ ತೂಕದಿಂದ ಅದನ್ನು ಬಿಗಿಯಾಗಿ ಎಳೆದಿಡುವ ಕೆಲಸವೂ ಅದರದ್ದೇ. ಇಂಗ್ಲೆಂಡಿನ ಕೆಲವು ಕಡೆ ಬಾಬಿನ್ನಿನ ತುದಿಗೆ ಮಣಿಗಳ ಬಳೆ ಕಟ್ಟುತ್ತಿದ್ದರು. ನೋಡಲು ಆಭರಣದಂತಿದ್ದರೂ ಕಡ್ಡಿ ದಿಂಬಿನ ಮೇಲೆ ಉರುಳದಂತೆ ತಡೆಯುವುದೂ ತೂಕ ಕೊಡುವುದೂ ಅದರ ಉಪಯೋಗ.

ನೂರಾರು ಬಾಬಿನ್‌ಗಳ ಲೇಸ್ ನೋಡಿ ಬೆರಗಾಗುವವರಿಗೆ ಅದರ ಒಳಗುಟ್ಟು ತಿಳಿದರೆ ಇನ್ನೂ ಬೆರಗು. ಇಡೀ ಕಸುಬಿನಲ್ಲಿ ಇರುವುದು ಎರಡೇ ಚಲನೆ. ಒಂದು ಸಲಕ್ಕೆ ಕೈಗೆ ಬರುವುದು ಎರಡು ಜೋಡಿ, ಅಂದರೆ ನಾಲ್ಕು ಎಳೆ. ನಡುವಿನ ಎರಡು ಎಳೆಗಳಲ್ಲಿ ಎಡದ್ದನ್ನು ಬಲದ್ದರ ಮೇಲೆ ಹಾಯಿಸುವುದು ಒಂದು ಚಲನೆ. ಪ್ರತಿ ಜೋಡಿಯಲ್ಲೂ ಬಲದ್ದನ್ನು ಎಡದ್ದರ ಮೇಲೆ ಹಾಯಿಸುವುದು ಇನ್ನೊಂದು. ಇವೆರಡನ್ನೇ ಮತ್ತೆ ಮತ್ತೆ ಮಾಡಿದರೆ ನಾಲ್ಕೆಳೆ ಜಡೆಯಾಗುತ್ತದೆ. ಕ್ರಮ ಬದಲಿಸುತ್ತ ಪಕ್ಕದ ಜೋಡಿಗೆ ಸಾಗಿದರೆ ಬಟ್ಟೆಯಂಥ ನೇಯ್ಗೆ, ಬಲೆ, ಹೂವು ಎಲ್ಲವೂ ಬರುತ್ತವೆ. ತಿರುವು ಬಂದಲ್ಲೆಲ್ಲ ಗುಂಡುಸೂಜಿ ಚುಚ್ಚಿ ಎಳೆಯನ್ನು ನಿಲ್ಲಿಸುತ್ತಾರೆ, ಕೆಲಸ ಮುಂದೆ ಸಾಗಿದಂತೆ ಹಿಂದಿನ ಸೂಜಿಗಳನ್ನು ಕಿತ್ತು ಮುಂದಕ್ಕೆ ತರುತ್ತಾರೆ. ಮಗಳ ತಲೆಗೆ ಜಡೆ ಹೆಣೆದ ಯಾವ ತಾಯಿಗೂ ಈ ಚಲನೆ ಹೊಸದಲ್ಲ. ಕಷ್ಟವಿರುವುದು ಯಾವ ಜೋಡಿ ಯಾವಾಗ ಎತ್ತಬೇಕೆಂಬ ನೆನಪಿನಲ್ಲಿ.

ಈ ದಿಂಬಿನ ಲೇಸ್ ದಕ್ಷಿಣ ಭಾರತಕ್ಕೂ ಬಂದಿತ್ತು. 1820ರ ದಶಕದಲ್ಲಿ, ಆಗ ತಿರುವಾಂಕೂರಿಗೆ ಸೇರಿದ್ದ ನಾಗರಕೋಯಿಲಿನ ತನ್ನ ಶಾಲೆಯಲ್ಲಿ ಲಂಡನ್ ಮಿಷನ್‌ನ ಮಾರ್ಥಾ ಮಾಲ್ಟ್ ಹೆಣ್ಣುಮಕ್ಕಳಿಗೆ ಅದನ್ನು ಕಲಿಸಿದಳು. ಜೀತದಲ್ಲಿದ್ದ ಕೆಲವು ಹೆಂಗಸರು ಲೇಸ್ ದುಡಿಮೆಯ ಹಣದಿಂದಲೇ ತಮ್ಮ ಬಿಡುಗಡೆಯನ್ನು ಕೊಂಡುಕೊಂಡರೆಂದು ಮಿಷನ್ ಬರಹಗಳು ಹೇಳುತ್ತವೆ. ತಿರುವಾಂಕೂರಿನಲ್ಲಿ ಗುಲಾಮಗಿರಿ ರದ್ದಾದದ್ದು 1855ರಲ್ಲಿ. ಮಾರ್ಥಾಳ ಮಗಳು ಎಲೈಜಾ ಕಸುಬನ್ನು ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಗೆ ಕೊಂಡೊಯ್ದಳು. ಆಕೆಯ ಗಂಡ ರಾಬರ್ಟ್ ಕಾಲ್ಡ್‌ವೆಲ್, ದ್ರಾವಿಡ ಭಾಷೆಗಳ ವ್ಯಾಕರಣ ಬರೆದವನು. ಕನ್ನಡ ಓದುಗರಿಗೆ ಗಂಡನ ಹೆಸರು ಗೊತ್ತು, ಹೆಂಡತಿಯದು ಗೊತ್ತಿಲ್ಲ.

ಆದರೆ ಅಷ್ಟರಲ್ಲಿ ಇಂಗ್ಲೆಂಡಿನಲ್ಲೇ ಬಾಬಿನ್ ಲೇಸ್‌ಗೆ ಸಂಚಕಾರ ಬಂದಿತ್ತು. ಎರಡೇ ಚಲನೆಯ ಕೆಲಸವನ್ನು ಯಂತ್ರಕ್ಕೆ ಕಲಿಸಬಹುದು. ಜಾನ್ ಹೀತ್‌ಕೋಟ್ 1808-09ರಲ್ಲೇ ಬಲೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1816ರಲ್ಲಿ ಲಡೈಟ್‌ಗಳು ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದರು. ಅವನು ಊರು ಬಿಟ್ಟು ಬೇರೆ ಕಡೆ ಮತ್ತೆ ಶುರುಮಾಡಿದ. ಆಮೇಲೆ ಬಂದ ಬಾರ್ಮೆನ್ ಯಂತ್ರದ ಲೇಸನ್ನು ಕೈಕೆಲಸದಿಂದ ಬೇರ್ಪಡಿಸಲು ಬಲ್ಲವರೇ ತಡವರಿಸಬೇಕು.

ಹೈದರಾಬಾದಿನ ಮಳಿಗೆಗಳಿಗೆ ಬರುವ ಕೈಲೇಸ್ ಈ ಜಾತಿಯದಲ್ಲ. ಅದು ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ತಲುಪುವ ಗೋದಾವರಿ ತೀರದ ನರಸಾಪುರದ್ದು, ಕ್ರೋಶಾ ಕೆಲಸ. ಉಪಕರಣ ಒಂದೇ ಒಂದು ಕೊಕ್ಕೆ ಕಡ್ಡಿ. ದಿಂಬಿಲ್ಲ, ಸೂಜಿ ರಾಶಿಯಿಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತ ಹೋಗುವುದು. ವಿಚಿತ್ರವೆಂದರೆ ಇಷ್ಟು ಸರಳ ಕಡ್ಡಿಯ ಕೆಲಸವನ್ನು ಮಾಡಬಲ್ಲ ಯಂತ್ರ ಮಾರುಕಟ್ಟೆಗೆ ಬಂದೇ ಇಲ್ಲ. ಬಜಾರಿನಲ್ಲಿ ಕ್ರೋಶಾ ಎಂದು ಸುರುಳಿಯಲ್ಲಿ ಸಿಗುವುದು ಹೆಣಿಗೆ ಯಂತ್ರದ ನಕಲು.

ಯಂತ್ರಕ್ಕೆ ಒಗ್ಗದ ವಸ್ತು ದುಬಾರಿಯಾಗಬೇಕಿತ್ತು. ಆಗಲಿಲ್ಲ. ಏಕೆಂದು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1970ರ ದಶಕದ ಕೊನೆಯಲ್ಲಿ ನರಸಾಪುರಕ್ಕೆ ಹೋಗಿ ನೋಡಿದಳು. 1982ರಲ್ಲಿ ಪುಸ್ತಕ ಬಂತು. ಮನೆ ಬಿಟ್ಟು ಹೊರಹೋಗದ ಹೆಂಗಸರು ದಿನಕ್ಕೆ ಆರೆಂಟು ಗಂಟೆ ಲೇಸ್ ಹೆಣೆಯುತ್ತಿದ್ದರು, ಗಳಿಕೆ ಹೊಲದ ಕೂಲಿಗಿಂತ ಎಷ್ಟೋ ಕಡಿಮೆ. ಒಬ್ಬಳು ಹೂವು ಹೆಣೆದರೆ ಇನ್ನೊಬ್ಬಳು ಅವನ್ನು ಜೋಡಿಸುವಳು, ಹೀಗಾಗಿ ಪೂರ್ತಿ ಮೇಜುಹಾಸಿನ ಬೆಲೆ ಯಾರ ಕಣ್ಣಿಗೂ ಬೀಳದು. ಪರದೇಶಕ್ಕೆ ಸರಕು ಕಳಿಸಿ ಲಾಭ ಎಣಿಸಿದವರು ಗಂಡಸರು. ಹೆಣೆಯುವವಳನ್ನು ಎಲ್ಲರೂ ಗೃಹಿಣಿ ಎಂದರು, ಕೆಲಸವನ್ನು ಬಿಡುವಿನ ವೇಳೆಯದು ಎಂದರು. ಕಡ್ಡಿ ಮಡಿಲಲ್ಲಿ ಹಿಡಿಸುತ್ತದೆ, ಒಲೆಯ ಮೇಲಿನ ಅನ್ನ ಉಕ್ಕಿದರೆ ಕೆಳಗಿಟ್ಟು ಏಳಬಹುದು. ಅದೇ ಅನುಕೂಲ ಅವಳ ಕೂಲಿಯನ್ನು ತಿಂದಿತು.

2024ರಲ್ಲಿ ನರಸಾಪುರದ ಕ್ರೋಶಾ ಲೇಸ್‌ಗೆ ಜಿಐ ಮಾನ್ಯತೆ ಸಿಕ್ಕಿದೆ. ಸಂತೋಷ. ಆದರೆ ಜಿಐ ಕಾಪಾಡುವುದು ಊರಿನ ಹೆಸರನ್ನು. ಬೇರೆ ಕಡೆಯ ಸರಕನ್ನು ನರಸಾಪುರದ್ದೆಂದು ಮಾರಬಾರದು, ಅಷ್ಟೇ. ನರಸಾಪುರದವಳಿಗೇ ಕಡಿಮೆ ಕೊಟ್ಟರೆ ಅದು ಕೇಳುವುದಿಲ್ಲ.

ಬೆಲೆ ಏರಿದರೆ ಆರ್ಡರ್ ಚೀನಾದ ಪಾಲಾಗುತ್ತದೆ, ಸಿಗುವ ನಾಲ್ಕು ಕಾಸೂ ತಪ್ಪುತ್ತದೆ ಎಂಬ ಮಾತು ಪೊಳ್ಳಲ್ಲ. ಆದರೆ ಕೂಲಿಯ ವಿಷಯ ಬಂದಾಗ ಮಾತ್ರ ನೆನಪಾಗುವ ಮಾತು ಇದು. ಕರಾವಳಿಯ ಬೀಡಿ ಕಟ್ಟುವ ಹೆಂಗಸರ ವಿಷಯದಲ್ಲೂ ಇದನ್ನೇ ಹೇಳಿದ್ದರು. ಅವರೂ ಜಗಲಿಯಲ್ಲಿ ಕೂತು, ಮೊರ ಮಡಿಲಲ್ಲಿಟ್ಟು, ಅಡುಗೆಯ ನಡುವೆಯೇ ಕೆಲಸ ಮಾಡಿದವರು. ಆದರೆ 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು, ಆಮೇಲೆ ಭವಿಷ್ಯನಿಧಿಯೂ ಬಂತು. ತೆಲಂಗಾಣ ಸರ್ಕಾರವೇ ‘ಆಸರಾ’ ಯೋಜನೆಯಲ್ಲಿ ಬೀಡಿ ಕಾರ್ಮಿಕರಿಗೆ ಪಿಂಚಣಿ ಕೊಟ್ಟಿದೆ. ಬೀಡಿಗೆ ಸಾಧ್ಯವಾದದ್ದು ಲೇಸ್‌ಗೆ, ಹಳೇ ಹೈದರಾಬಾದಿನ ಮನೆಗಳಲ್ಲಿ ನಡೆಯುವ ಜರ್ದೋಸಿಗೆ, ಬೆಂಗಳೂರಿನಲ್ಲಿ ಸೀರೆಗೆ ಕುಚ್ಚು ಕಟ್ಟುವವರಿಗೆ ಏಕಾಗದು? ಮನೆಗೆಲಸಗಾರರ ಬಗ್ಗೆ ಅಲ್ಲ, ಮನೆಯಲ್ಲಿ ಕೂತು ಪೇಟೆಗೆ ದುಡಿಯುವವರ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಪ್ಪಂದ ಮಾಡಿದೆ. ಭಾರತ ಅದನ್ನು ಅನುಮೋದಿಸಿಲ್ಲ.

ಕಾನೂನು ಬರುವವರೆಗೆ ಬೆಲೆಚೀಟಿಯನ್ನಾದರೂ ತಿದ್ದಬಹುದು. ಒಂದು ಹೂವು ಹೆಣೆಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಇಟ್ಟು ನೋಡುವುದು, ಹಾಸಿನಲ್ಲಿರುವ ಹೂವುಗಳಿಂದ ಗುಣಿಸುವುದು, ಜೋಡಿಸುವ ಹೊತ್ತನ್ನು ಸೇರಿಸುವುದು ದೊಡ್ಡ ಲೆಕ್ಕವಲ್ಲ. ಏಜೆಂಟರು ಕೂಲಿ ನಿಗದಿ ಮಾಡುವುದೂ ಹೂವಿನ ಲೆಕ್ಕದಲ್ಲೇ. ಗಂಟೆ ಇಷ್ಟು, ಹೆಣೆದವರಿಗೆ ಸಂದದ್ದು ಇಷ್ಟು ಎಂದು ಮೊದಲು ಅಚ್ಚು ಹಾಕಬೇಕಾದದ್ದು ಸರ್ಕಾರಿ ಮಳಿಗೆಗಳು, ಏಕೆಂದರೆ ಸರಕು ಕೊಳ್ಳುವಾಗ ಷರತ್ತು ಹಾಕುವ ಅಧಿಕಾರ ಅವುಗಳ ಕೈಯಲ್ಲೇ ಇದೆ.